ಎಣ್ಣೆ ಕೊಟ್ಟ ಕೈಗೇ ಕೇಸು: ಕಿರಾಣಿ ಅಂಗಡಿ, ಢಾಬಾ, ಬಾರ್, ಮದುವೆ ಮನೆ – ಯಾರು ಕೊಟ್ಟರೆ ಏನು ಶಿಕ್ಷೆ? ಇಲ್ಲಿದೆ ಪೂರ್ತಿ ಮಾಹಿತಿ

ಅರಭಾವಿ: "ನಾ ಏನ್ ದೊಡ್ಡ ದಂಧೆ ಮಾಡ್ತೀನ್ರಿ? ಕೇಳಿದವ್ರಿಗೆ ಎರಡ ಪಾಕೀಟ ಕೊಡ್ತೀನಿ, ಅಷ್ಟ." ಈ ಮಾತನ್ನ ನಮ್ಮ ಕಡೆ ಹಳ್ಳಿಗಳಲ್ಲಿ ಕೇಳದವರು ಯಾರೂ ಇಲ್ಲ. ಕಿರಾಣಿ ಅಂಗಡಿಯ ಸಕ್ಕರೆ ಚೀಲದ ಹಿಂದೆ, ಪಾನ್ ಶಾಪಿನ ಗಲ್ಲಾದ ಕೆಳಗೆ, ಚಹಾದ ಅಂಗಡಿಯ ಮೂಲೆಯಲ್ಲಿ ಟೆಟ್ರಾ ಪ್ಯಾಕ್ ಇಟ್ಟು ಮಾರುವವರು ಇದನ್ನ ತಪ್ಪು ಅಂತಲೇ ತಿಳಿದಿರುವುದಿಲ್ಲ. "ವೈನ್ ಶಾಪಿನಿಂದ ರೊಕ್ಕಾ ಕೊಟ್ಟೇ ತಂದೀನಿ, ಕದ್ದು ತಂದಿಲ್ಲ" ಅನ್ನೋದು ಅವರ ವಾದ.

ಆದರೆ ಕಾನೂನು ಕೇಳೋದು ಬೇರೆ ಪ್ರಶ್ನೆ. ಎಲ್ಲಿಂದ ತಂದೆ ಅನ್ನೋದಷ್ಟೇ ಅಲ್ಲ, ಯಾರಿಗೆ ಕೊಟ್ಟೆ, ಎಲ್ಲಿ ಕೊಟ್ಟೆ, ಯಾವ ಅಧಿಕಾರದ ಮೇಲೆ ಕೊಟ್ಟೆ ಅಂತ ಕೇಳ್ತದೆ. ಕುಡಿದವನಿಗಿಂತ ಕೊಟ್ಟವನಿಗೆ ಶಿಕ್ಷೆ ದೊಡ್ಡದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಅಂಗಡಿಕಾರರು, ಢಾಬಾ ಮಾಲೀಕರು, ಮನೆ ಯಜಮಾನರು ತಿಳಿದಿರಬೇಕಾದ ಮುಖ್ಯ ವಿಷಯಗಳು ಇಲ್ಲಿವೆ.

ಮಾರುವ ಹಕ್ಕು ಯಾರಿಗಿದೆ?

ರಾಜ್ಯದಲ್ಲಿ ಮದ್ಯದ ವ್ಯವಹಾರ ನಡೆಯೋದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ. ಸನ್ನದು ಅಂದರೆ ಲೈಸೆನ್ಸ್ ಇಲ್ಲದೆ ಒಂದು ಬಾಟ್ಲಿಯನ್ನೂ ಮಾರುವಂತಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಸನ್ನದುಗಳು ಇವು:

• ಸಿಎಲ್-2: ವೈನ್ ಶಾಪ್. ಸೀಲ್ ಇದ್ದ ಬಾಟ್ಲಿ ಮಾರಬಹುದು. ಅಲ್ಲೇ ಕುಳಿತು, ನಿಂತು ಕುಡಿಯಲು ಬಿಡುವಂತಿಲ್ಲ.
• ಸಿಎಲ್-9: ಬಾರ್ ಅಂಡ್ ರೆಸ್ಟೋರೆಂಟ್. ಒಳಗೆ ಕುಳಿತು ಕುಡಿಯಬಹುದು.
• ಸಿಎಲ್-7: ವಸತಿ ಸೌಲಭ್ಯ ಇರುವ ಹೋಟೆಲ್, ಲಾಡ್ಜ್.
• ಸಿಎಲ್-4: ಕ್ಲಬ್. ಸದಸ್ಯರಿಗೆ ಮಾತ್ರ.
• ಸಿಎಲ್-11ಸಿ: ಎಂಎಸ್‌ಐಎಲ್ ಮಳಿಗೆ.
• ಸಿಎಲ್-5: ಒಂದು ಕಾರ್ಯಕ್ರಮಕ್ಕೆ ಮಾತ್ರ ಸಿಗುವ ತಾತ್ಕಾಲಿಕ ಸನ್ನದು.

ಈ ಪಟ್ಟಿಯಲ್ಲಿ ಕಿರಾಣಿ ಅಂಗಡಿ ಇಲ್ಲ, ಪಾನ್ ಶಾಪ್ ಇಲ್ಲ, ಖಾನಾವಳಿ ಇಲ್ಲ, ಢಾಬಾ ಇಲ್ಲ. ಗ್ರಾಮ ಪಂಚಾಯತಿ ಅಥವಾ ಪಟ್ಟಣ ಪಂಚಾಯತಿ ಕೊಟ್ಟ ವ್ಯಾಪಾರ ಪರವಾನಗಿ, ಆಹಾರ ಇಲಾಖೆಯ ನೋಂದಣಿ ಇವ್ಯಾವೂ ಮದ್ಯ ಮಾರಲು ಅನುಮತಿ ಆಗೋದಿಲ್ಲ.

ಕಿರಾಣಿ ಅಂಗಡಿಯಲ್ಲಿ "ಎರಡ ಪಾಕೀಟ" – ಕಲಂ 32

ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು, ಸಾಗಿಸುವುದು, ತಯಾರಿಸುವುದು ಅಬಕಾರಿ ಕಾಯ್ದೆಯ 32ನೇ ಕಲಂ ಅಡಿ ಅಪರಾಧ. ಶಿಕ್ಷೆ ಹೀಗಿದೆ:

• ಗರಿಷ್ಠ 5 ವರ್ಷ ಕಠಿಣ ಜೈಲು, ಗರಿಷ್ಠ 50,000 ರೂಪಾಯಿ ದಂಡ.
• ಮೊದಲ ಸಲ ತಪ್ಪು ಸಾಬೀತಾದರೂ ಕನಿಷ್ಠ 1 ವರ್ಷ ಜೈಲು, ಕನಿಷ್ಠ 10,000 ರೂಪಾಯಿ ದಂಡ.
• ಎರಡನೇ ಸಲದಿಂದ ಕನಿಷ್ಠ 2 ವರ್ಷ ಜೈಲು, ಕನಿಷ್ಠ 20,000 ರೂಪಾಯಿ ದಂಡ.

ಇಲ್ಲಿ "ಕನಿಷ್ಠ" ಅನ್ನೋ ಪದವನ್ನ ಎರಡು ಸಲ ಓದ್ರಿ. "ಬಡವ ಅದಾನ, ದಂಡ ಹಾಕಿ ಬಿಡ್ರಿ" ಅನ್ನುವಂಗ ಕಾನೂನು ಬರೆದಿಲ್ಲ. ಜೈಲು ಮತ್ತು ದಂಡ ಎರಡನ್ನೂ ಹೇಳಿದೆ.

ಲೆಕ್ಕ ಹಾಕಿ ನೋಡಿ. ಒಂದು ಪಾಕೀಟಿಗೆ 10 ರೂಪಾಯಿ ಉಳೀತದೆ ಅಂತ ಹಿಡಿದರೆ, ಆ ಕನಿಷ್ಠ ದಂಡ ತುಂಬಲಿಕ್ಕೇ 1,000 ಪಾಕೀಟು ಮಾರಬೇಕು. ವಕೀಲರ ಫೀಸು, ಕೋರ್ಟಿಗೆ ಓಡಾಡೋ ಖರ್ಚು, ಅಂಗಡಿ ಮುಚ್ಚಿದ ದಿನಗಳು ಬೇರೆ. ಒಳಗೆ ಹೋದರೆ ಆ ಒಂದು ವರ್ಷ ಮನೆ ನಡೆಸೋರು ಯಾರು ಅನ್ನೋದಕ್ಕೆ ಯಾವ ಲೆಕ್ಕವೂ ಸಾಲೋದಿಲ್ಲ.

"ಮಾರಿಲ್ಲ, ಬರೇ ಇಟ್ಟಿದ್ದೆ" ಅಂದರೂ ಪಾರಾಗೋದು ಕಷ್ಟ. ಅಕ್ರಮ ಮದ್ಯ ಅಂತ ಗೊತ್ತಿದ್ದೂ ಇಟ್ಟುಕೊಳ್ಳುವುದಕ್ಕೆ 34ನೇ ಕಲಂ ಬೇರೆಯೇ ಇದೆ. ಸ್ವಂತಕ್ಕೆ ಅಂತ ಮನೆಯಲ್ಲಿ ಇಟ್ಟುಕೊಳ್ಳಲೂ ಪ್ರಮಾಣದ ಮಿತಿ ಇದೆ. ಅದನ್ನ ದಾಟಿದರೆ ಪರವಾನಗಿ ಬೇಕು. ಬೇರೆಯವರ ಮಾಲನ್ನ ತಮ್ಮ ಮನೆ, ಗೋದಾಮು, ತೋಟದ ಮನೆಯಲ್ಲಿ ಇಡಲು ಬಿಟ್ಟ ಮಾಲೀಕರ ಮೇಲೂ ಕೇಸ್ ಆಗ್ತದೆ. ಅದಕ್ಕೆ 38-ಎ ಕಲಂ ಇದೆ. ಹಾಗಾಗಿ ಬಾಡಿಗೆಗೆ ಮಳಿಗೆ ಕೊಟ್ಟವರೂ ಒಳಗೆ ಏನು ನಡೀತದೆ ಅಂತ ಕಣ್ಣಿಟ್ಟಿರೋದು ಒಳ್ಳೇದು.

ಅಂಗಡಿ ಮುಂದೆ, ಢಾಬಾದಲ್ಲಿ ಕುಡಿಯಲು ಬಿಟ್ಟರೆ

"ನಾವು ಮಾರೋದಿಲ್ಲ, ಅವರೇ ತರ್ತಾರೆ. ನಾವು ಬರೇ ನೀರು, ಗ್ಲಾಸು, ಶೇಂಗಾ ಕೊಡ್ತೀವಿ." ಸಂಕೇಶ್ವರ, ಯಮಕನಮರಡಿ ಕಡೆ ರಾಷ್ಟ್ರೀಯ ಹೆದ್ದಾರಿ 48ರ ಬದಿ ಇರಲಿ, ಊರ ಹೊರಗಿನ ಖಾನಾವಳಿ ಇರಲಿ, ಇದು ಸಾಮಾನ್ಯ ಉತ್ತರ.

ಅಬಕಾರಿ ಕಾಯ್ದೆಯ 15-ಎ ಕಲಂ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಯನ್ನ ನಿಷೇಧಿಸಿದೆ. ಇದಕ್ಕೆ ಶಿಕ್ಷೆ ಹೇಳುವುದು 32(3). ಪೊಲೀಸರು ಈ ಎರಡು ಕಲಂ ಸೇರಿಸಿ ಕೇಸ್ ಮಾಡೋದು ಕುಡಿದವರ ಮೇಲಷ್ಟೇ ಅಲ್ಲ. ಕುಡಿಯಲು ಜಾಗ, ಗ್ಲಾಸು ಕೊಟ್ಟ ಅಂಗಡಿ, ಹೋಟೆಲ್ ಮಾಲೀಕರ ಮೇಲೂ ಮಾಡ್ತಾರೆ. ಖಾಲಿ ಪಾಕೀಟು, ಪ್ಲಾಸ್ಟಿಕ್ ಗ್ಲಾಸು, ನೀರಿನ ಬಾಟ್ಲಿ ಇವನ್ನೇ ಪಂಚನಾಮೆಯಲ್ಲಿ ಬರೀತಾರೆ. ವೈನ್ ಶಾಪಿನ ಪಕ್ಕದ ಆಮ್ಲೆಟ್ ಗಾಡಿಯವರು, ಚುರುಮುರಿ ಅಂಗಡಿಯವರು ಇದನ್ನ ಗಮನಿಸಬೇಕು.

ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಇದೆ. 24 ಗಂಟೆವರೆಗೆ ಸಾದಾ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಗಲಾಟೆ ಮಾಡಿದವನಿಗೆ ಒಂದು ದಿನ, ಲೈಸೆನ್ಸ್ ಇಲ್ಲದೆ ಮಾರಿದವನಿಗೆ ಕನಿಷ್ಠ ಒಂದು ವರ್ಷ. ಕೊಟ್ಟ ಕೈಗೆ ಹೊಣೆ ಜಾಸ್ತಿ ಅಂದಿದ್ದು ಇದಕ್ಕೇ.

ವಯಸ್ಸು: 18 ಅಲ್ಲ, 21

ಇದರಲ್ಲಿ ಬಹಳ ಜನರಿಗೆ ಗೊಂದಲ ಇದೆ. ಅಬಕಾರಿ ಕಾಯ್ದೆಯ 36(1)(ಜಿ) ಕಲಂ 18 ವರ್ಷ ಅಂತ ಹೇಳ್ತದೆ. ಆದರೆ 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮ 10(1)(ಇ) ಪ್ರಕಾರ 21 ವರ್ಷದ ಒಳಗಿನವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮದಲ್ಲಿರುವ 21ನ್ನ 18ಕ್ಕೆ ಇಳಿಸಲು ಕರಡು ಹೊರಡಿಸಿತ್ತು. ವಿರೋಧ ಬಂದ ಮೇಲೆ ಅದೇ ತಿಂಗಳು ಆ ಪ್ರಸ್ತಾವ ಕೈಬಿಟ್ಟಿತು. "18 ಮಾಡ್ಯಾರಂತ" ಅನ್ನೋ ಮಾತು ಆಗ ಹಬ್ಬಿದ್ದು ಇನ್ನೂ ಕೆಲವರ ತಲೆಯಲ್ಲಿ ಉಳಿದಿದೆ. ಅದನ್ನ ನಂಬಿ ಮಾರಬೇಡಿ.

ಕಾಲೇಜುಗಳಿರುವ ಊರುಗಳಲ್ಲಿ 18ರಿಂದ 20ರ ವಯಸ್ಸಿನವರೇ ಹೆಚ್ಚು. ಮೀಸೆ ಬಂದಿದೆ, ಗಾಡಿ ಓಡಿಸ್ತಾನೆ, ಓಟಿನ ಹಕ್ಕಿದೆ ಅಂತ ಕೊಡುವಂತಿಲ್ಲ. ಅನುಮಾನ ಬಂದರೆ ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ ಕೇಳಿ. ತೋರಿಸದಿದ್ದರೆ ಕೊಡಬೇಡಿ. ಗಿರಾಕಿ ಸಿಟ್ಟಾದರೆ ಒಂದು ದಿನದ ಸಿಟ್ಟು. ಲೈಸೆನ್ಸ್ ಹೋದರೆ ಜೀವನದ ದುಡಿಮೆ ಹೋಗ್ತದೆ.

"ಅಪ್ಪ ಕಳಿಸ್ಯಾನ್ರಿ" – ಇದು ಎಲ್ಲಕ್ಕಿಂತ ದೊಡ್ಡ ಕೇಸು

ಸಂಜೆ ಹೊತ್ತು ಹತ್ತು-ಹನ್ನೆರಡು ವರ್ಷದ ಹುಡುಗನ ಕೈಯಾಗ ರೊಕ್ಕಾ ಕೊಟ್ಟು "ಹೋಗಿ ಒಂದ ಕ್ವಾರ್ಟರ್ ತಗೊಂಡ ಬಾ" ಅಂತ ಕಳಿಸುವ ರೂಢಿ ಎಷ್ಟೋ ಮನೆಗಳಲ್ಲಿ ಇದೆ. ಅಂಗಡಿಯವರೂ ಪರಿಚಯದ ಹುಡುಗ ಅಂತ ಕೊಟ್ಟುಬಿಡ್ತಾರೆ. ಇಬ್ಬರಿಗೂ ಇದರ ಪರಿಣಾಮ ಗೊತ್ತಿರೋದಿಲ್ಲ.

ಬಾಲನ್ಯಾಯ ಕಾಯ್ದೆ, 2015 ಹೀಗೆ ಹೇಳ್ತದೆ:

• ಕಲಂ 77: 18 ವರ್ಷದ ಒಳಗಿನ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೆ, ಕೊಡಿಸಿದರೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ವಿನಾಯಿತಿ.
• ಕಲಂ 78: ಮದ್ಯ ಮಾರಲು, ಹೊತ್ತು ತರಲು, ಪೂರೈಸಲು, ಕಳ್ಳಸಾಗಣೆಗೆ ಮಗುವನ್ನ ಬಳಸಿದರೆ ಅದೇ ಶಿಕ್ಷೆ. 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

"ಮಾರಿದರೆ" ಅಂತ ಇಲ್ಲಿ ಬರೆದಿಲ್ಲ, "ಕೊಟ್ಟರೆ" ಅಂತ ಬರೆದಿದೆ. ಪುಕ್ಕಟೆ ಕೊಟ್ಟರೂ ಅದೇ. "ಒಂದ ಗುಟುಕ ರುಚಿ ನೋಡಲಿ" ಅಂತ ಹಬ್ಬದ ದಿನ ತಮಾಷೆಗೆ ಕುಡಿಸಿದ ಮಾವನೂ ಇದೇ ಕಲಂ ಒಳಗೆ ಬರ್ತಾನೆ. ಅಂಗಡಿಯಲ್ಲಿ ಬಾಟ್ಲಿ ಜೋಡಿಸಲು, ಗಿರಾಕಿಗೆ ಕೊಡಲು ಸಣ್ಣ ಹುಡುಗನನ್ನ ನಿಲ್ಲಿಸಿದರೆ 78ನೇ ಕಲಂ ಜೊತೆ ಬಾಲಕಾರ್ಮಿಕ ಕಾಯ್ದೆಯೂ ಸೇರ್ತದೆ.

ಅಂಗಡಿಕಾರರು ಇದೊಂದನ್ನ ನೆನಪಿಟ್ಟರೆ ಸಾಕು. ಮಗು ಕೌಂಟರಿಗೆ ಬಂದರೆ ವಾಪಸ್ ಕಳಿಸ್ರಿ. "ಅಪ್ಪನ್ನ ಕಳಸು" ಅನ್ನೋದು ಗಿರಾಕಿ ಕಳೆದುಕೊಳ್ಳುವ ಮಾತಲ್ಲ, ನಿಮ್ಮನ್ನ ಉಳಿಸುವ ಮಾತು.

ಲೈಸೆನ್ಸ್ ಇದ್ದವರೂ ಏನು ಮಾಡುವಂತಿಲ್ಲ?

ಲೈಸೆನ್ಸ್ ಇದ್ದ ಮಾತ್ರಕ್ಕೆ ಯಾವಾಗ ಬೇಕಾದರೂ, ಯಾರಿಗೆ ಬೇಕಾದರೂ ಕೊಡಬಹುದು ಅಂತಲ್ಲ.

• ಸಮಯ: ವೈನ್ ಶಾಪ್ ಬೆಳಿಗ್ಗೆ 10ರಿಂದ ರಾತ್ರಿ 10.30ರವರೆಗೆ. ಬೆಳಿಗ್ಗೆ 6ಕ್ಕೆ ಅರ್ಧ ಶಟರ್ ಎತ್ತಿ ಕೊಡೋದು ನಿಯಮ ಉಲ್ಲಂಘನೆ.
• ಅಮಲೇರಿದವರಿಗೆ ಮತ್ತೆ ಕೊಡುವಂತಿಲ್ಲ. ನಿಲ್ಲಲಾಗದೆ ತೂರಾಡುವ ವ್ಯಕ್ತಿಗೆ "ಇನ್ನೊಂದ ನೈಂಟಿ" ಹಾಕಿಕೊಟ್ಟರೆ ತಪ್ಪು ಕೊಟ್ಟವರದು.
• ಒಳಗೆ ಜಗಳ, ಜೂಜು ನಡೆಯಲು ಬಿಡುವಂತಿಲ್ಲ.
• ವೈನ್ ಶಾಪಿನಿಂದ ಹಳ್ಳಿಯ ಅಂಗಡಿಗಳಿಗೆ ಬಾಕ್ಸ್‌ಗಟ್ಟಲೆ ಕೊಡುವುದು ಸನ್ನದಿನ ಷರತ್ತಿಗೆ ವಿರುದ್ಧ. ಕಿರಾಣಿ ಅಂಗಡಿಯಲ್ಲಿ ಸಿಕ್ಕ ಮಾಲಿನ ಬ್ಯಾಚ್ ನಂಬರ್, ಅಬಕಾರಿ ಲೇಬಲ್ ಹಿಡಿದು ಮೂಲ ಹುಡುಕಬಹುದು.
• ಬಾಟ್ಲಿ ಮೇಲಿನ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ತಗೊಳ್ಳುವಂತಿಲ್ಲ.

ಷರತ್ತು ಮುರಿದರೆ 36ನೇ ಕಲಂ ಅಡಿ ಕೇಸ್ ಆಗ್ತದೆ. 29ನೇ ಕಲಂ ಅಡಿ ಸನ್ನದು ಅಮಾನತು ಅಥವಾ ರದ್ದು ಆಗಬಹುದು. ತಪ್ಪು ಮಾಡಿದ್ದು ಕೆಲಸದ ಹುಡುಗ ಆದರೂ ಸನ್ನದು ಇರೋದು ಮಾಲೀಕರ ಹೆಸರಲ್ಲಿ. "ನಾ ಊರಾಗ ಇರಲಿಲ್ಲ" ಅನ್ನೋದು ಸಾಕಾಗೋದಿಲ್ಲ.

ಜಾಗದ ನಿಯಮವೂ ಇದೆ. ಸಾಮಾನ್ಯ ಷರತ್ತುಗಳ 5ನೇ ನಿಯಮದ ಪ್ರಕಾರ ಗುಡಿ-ಮಸೀದಿ, ಶಾಲೆ-ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು ಹೆಚ್ಚಾಗಿರುವ ವಸತಿ ಪ್ರದೇಶದಲ್ಲೂ ಇರುವಂತಿಲ್ಲ. ಹೆದ್ದಾರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು 500 ಮೀಟರ್ ಅಂತರ ಹೇಳಿತು. 2017ರ ಮಾರ್ಚ್ 31ರಂದು 20,000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಸ್ಥಳೀಯ ಸಂಸ್ಥೆಗಳಿಗೆ ಅದನ್ನ 220 ಮೀಟರಿಗೆ ಇಳಿಸಿತು. ಅದೇ ವರ್ಷ ಜುಲೈನಲ್ಲಿ ನಗರಾಡಳಿತ ವ್ಯಾಪ್ತಿಯ ಅಂಗಡಿಗಳಿಗೆ ಈ ನಿರ್ಬಂಧ ಅನ್ವಯ ಆಗೋದಿಲ್ಲ ಅಂತ ಸ್ಪಷ್ಟಪಡಿಸಿತು. ಊರಲ್ಲಿ ಹೊಸ ಅಂಗಡಿ ಬರ್ತದೆ ಅಂತ ಗೊತ್ತಾದರೆ ಶಾಲೆ, ಗುಡಿಯಿಂದ ದೂರ ಅಳೆದು ಜಿಲ್ಲಾಧಿಕಾರಿಗೂ ಅಬಕಾರಿ ಉಪ ಆಯುಕ್ತರಿಗೂ ಲಿಖಿತ ತಕರಾರು ಕೊಡಬಹುದು. ಬರೀ ಘೋಷಣೆಗಿಂತ ಮೀಟರ್ ಲೆಕ್ಕದ ಅರ್ಜಿಗೆ ಬೆಲೆ ಜಾಸ್ತಿ.

ಮದುವೆ, ಜಾವಳ, ಪಾರ್ಟಿ

ಮನೆಯಲ್ಲಿ ನಾಲ್ಕು ಜನ ದೊಡ್ಡವರು ಮಿತಿಯೊಳಗೆ ಕುಡಿಯೋದು ಬೇರೆ ಮಾತು. ಕಲ್ಯಾಣ ಮಂಟಪ, ತೋಟ, ಲೇಔಟ್ ಜಾಗದಲ್ಲಿ ಶಾಮಿಯಾನ ಹಾಕಿ ನೂರಾರು ಜನಕ್ಕೆ ಹಂಚುವುದು ಬೇರೆ ಮಾತು. ಅಂಥ ಕಾರ್ಯಕ್ರಮಕ್ಕೆ ಮೊದಲೇ ಸಿಎಲ್-5 ತಾತ್ಕಾಲಿಕ ಸನ್ನದು ತಗೋಬೇಕು. ರೊಕ್ಕಾ ತಗೊಂಡಿಲ್ಲ, ಪುಕ್ಕಟೆ ಹಂಚೀವಿ ಅನ್ನೋದು ನೆಪ ಆಗೋದಿಲ್ಲ. ಮಂಟಪದ ಮಾಲೀಕರೂ ಬುಕ್ಕಿಂಗ್ ಹೊತ್ತಿಗೇ ಇದನ್ನ ಬರೆಸಿಕೊಳ್ಳೋದು ಒಳ್ಳೇದು.

ಗೊತ್ತಾಗದಂತೆ ಯಾರದೋ ಜ್ಯೂಸಿನಲ್ಲಿ ಮದ್ಯ ಬೆರೆಸಿ ಕೊಡುವುದು "ಮಜಾ" ಅಲ್ಲ. ನೋವು ಮಾಡುವ ಅಥವಾ ಅಪರಾಧ ಮಾಡುವ ಉದ್ದೇಶ ಇದ್ದರೆ ನ್ಯಾಯ ಸಂಹಿತೆಯ 123ನೇ ಕಲಂ ಅಡಿ 10 ವರ್ಷದವರೆಗೆ ಜೈಲು.

ಕುಡಿಸಿ ಗಾಡಿ ಕೀಲಿ ಕೊಟ್ಟರೆ

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೂ ಇದೇ ಕಾನೂನು.

ಬಹಳ ಜನರಿಗೆ ಗೊತ್ತಿಲ್ಲದ್ದು 188ನೇ ಕಲಂ. ಕುಡಿದು ಓಡಿಸಲು ಪ್ರಚೋದಿಸಿದವರಿಗೆ, ನೆರವಾದವರಿಗೆ ಓಡಿಸಿದವನಷ್ಟೇ ಶಿಕ್ಷೆ. ಡ್ರೈವರ್ ಕುಡಿದಿದ್ದಾನೆ ಅಂತ ಗೊತ್ತಿದ್ದೂ "ಮಾಲು ಲೇಟ್ ಆಗ್ತದ, ಹೋಗು" ಅಂತ ಕಳಿಸುವ ಮಾಲೀಕರು ಇದನ್ನ ಓದಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಅಮಲೇರಿದ ಗಿರಾಕಿಗೆ ಮತ್ತೆ ಕೊಟ್ಟ ಬಾರಿನವರಿಂದಲೇ ಅಪಘಾತದ ಪರಿಹಾರ ಕೇಳಬಹುದು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ 188ನೇ ಕಲಂ ಇದೆ ಅನ್ನೋದನ್ನ ಮರೆಯಬಾರದು.

ಗೋವಾ ಮಾಲು, ಕಳ್ಳಭಟ್ಟಿ

ಬೆಳಗಾವಿ ಜಿಲ್ಲೆಗೆ ಗೋವಾ, ಮಹಾರಾಷ್ಟ್ರ ಎರಡೂ ಗಡಿ. ಗೋವಾದಲ್ಲಿ ಅಗ್ಗ ಅಂತ ಡಿಕ್ಕಿಯಲ್ಲಿ ತುಂಬಿ ತಂದು ಇಲ್ಲಿ ಮಾರುವುದು 32ನೇ ಕಲಂ ಅಪರಾಧವೇ. ಅಲ್ಲಿ ಬಿಲ್ ತಗೊಂಡಿದ್ದರೂ ಕರ್ನಾಟಕಕ್ಕೆ ತರಲು ಇಲ್ಲಿನ ಪರವಾನಗಿ ಬೇಕು. ಮಾಲಿನ ಜೊತೆ ಗಾಡಿಯೂ ಜಪ್ತಿ ಆಗ್ತದೆ. ಅದನ್ನ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಅಬಕಾರಿ ಅಧಿಕಾರಿಗಳಿಗೆ ಇದೆ. ಸಾಲದ ಕಂತು ಕಟ್ಟುತ್ತಿರುವ ಬುಲೆರೋ ಆದರೂ ಅಷ್ಟೇ.

ಸಾರಾಯಿ 2007ರ ಜುಲೈ 1ರಿಂದ ರಾಜ್ಯದಲ್ಲಿ ಪೂರ್ತಿ ಬಂದ್. ಹಾಗಿದ್ದರೂ ಬೆಲ್ಲದ ಕೊಳೆ ಹಾಕಿ ಕಳ್ಳಭಟ್ಟಿ ತೆಗೆಯುವವರಿದ್ದಾರೆ. ಇದರಲ್ಲಿ ಕಾನೂನಿಗಿಂತ ಜೀವದ ಪ್ರಶ್ನೆ ದೊಡ್ಡದು. 1981ರಲ್ಲಿ ಬೆಂಗಳೂರಲ್ಲಿ, 2008ರ ಮೇ ತಿಂಗಳಲ್ಲಿ ಮತ್ತೆ ಬೆಂಗಳೂರು ಸುತ್ತಮುತ್ತ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮಾಲು ಜೋರು ಇರಲಿ ಅಂತ ಬೆರೆಸುವ ಮೆಥನಾಲ್ ದೇಹದೊಳಗೆ ವಿಷವಾಗಿ ಮೊದಲು ಕಣ್ಣು, ಆಮೇಲೆ ಪ್ರಾಣ ತೆಗೀತದೆ. ಕುಡಿದ ಮೇಲೆ ಕಣ್ಣು ಮಂಜಾದರೆ, ಹೊಟ್ಟೆನೋವು, ವಾಂತಿ, ಉಸಿರಾಟದ ತೊಂದರೆ ಬಂದರೆ "ಇಳೀತದ ಬಿಡು" ಅಂತ ಮಲಗಿಸಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಏನು ಕುಡಿದಿದ್ದು ಅಂತ ಮುಚ್ಚಿಡದೆ ಡಾಕ್ಟರಿಗೆ ಹೇಳ್ರಿ. ನಿರ್ಲಕ್ಷ್ಯದಿಂದ ಸಾವು ಆದರೆ ನ್ಯಾಯ ಸಂಹಿತೆ 106(1) ಅಡಿ 5 ವರ್ಷದವರೆಗೆ ಜೈಲು. ಸಾವು ಬರ್ತದೆ ಅಂತ ಗೊತ್ತಿದ್ದೇ ಕೊಟ್ಟಿದ್ದರೆ ಕೇಸು ಇನ್ನೂ ದೊಡ್ಡದು.

ಚುನಾವಣೆ ಹೊತ್ತು

ಪ್ರಜಾಪ್ರತಿನಿಧಿ ಕಾಯ್ದೆಯ 135-ಸಿ ಕಲಂ ಪ್ರಕಾರ ವಿಧಾನಸಭೆ, ಲೋಕಸಭೆ ಮತದಾನ ಮುಗಿಯುವ ಹಿಂದಿನ 48 ಗಂಟೆ ಆ ಕ್ಷೇತ್ರದಲ್ಲಿ ಮದ್ಯ ಮಾರುವಂತಿಲ್ಲ, ಕೊಡುವಂತಿಲ್ಲ, ಹಂಚುವಂತಿಲ್ಲ. ಶಿಕ್ಷೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಓಟಿಗಾಗಿ ಕುಡಿಸುವುದು ನ್ಯಾಯ ಸಂಹಿತೆ ಪ್ರಕಾರ ಲಂಚವೇ. ಪಾರ್ಟಿಯವರು ಕೂಪನ್ ಕೊಟ್ಟು "ನಿನ್ನ ಅಂಗಡಿಯಿಂದ ಹಂಚು" ಅಂದರೆ, ಸಿಕ್ಕಾಗ ಮೊದಲು ಹೆಸರು ಬರೋದು ಅಂಗಡಿಕಾರನದು.

ದಾಳಿ ಆದರೆ ನಿಮ್ಮ ಹಕ್ಕುಗಳೇನು?

• ಬಂದವರ ಗುರುತಿನ ಚೀಟಿ ಕೇಳಬಹುದು.
• ಪಂಚರ ಎದುರು ಪಂಚನಾಮೆ ಆಗಬೇಕು. ಬರೆದಿದ್ದನ್ನ ಓದಿಸಿಕೊಂಡೇ ಸಹಿ ಮಾಡ್ರಿ.
• ಜಪ್ತಿ ಮಾಡಿದ ಮಾಲಿನ ಪಟ್ಟಿಯ ಪ್ರತಿ ಕೇಳ್ರಿ.
• ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಪೊಲೀಸ್ ಶೋಧ ಮತ್ತು ಜಪ್ತಿಯ ವಿಡಿಯೋ ಆಗಬೇಕು.
• "ಇಲ್ಲೇ ಮುಗಿಸೋಣ" ಅಂತ ಯಾರಾದರೂ ರೊಕ್ಕಾ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು.
• ವಕೀಲರನ್ನ ಇಡಲು ಆಗದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳ್ರಿ. ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಈ ನೆರವು ಉಚಿತ.

ದೂರು ಎಲ್ಲಿ ಕೊಡಬೇಕು?

ಅಕ್ರಮ ಮಾರಾಟ ಕಂಡರೆ ಹತ್ತಿರದ ಪೊಲೀಸ್ ಠಾಣೆಗೆ, ಅಬಕಾರಿ ವಲಯ ಕಚೇರಿಗೆ ಅಥವಾ ತಹಶೀಲ್ದಾರರಿಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಯಾವ ಅಂಗಡಿ, ಎಷ್ಟು ಹೊತ್ತಿಗೆ, ಎಷ್ಟು ದಿನದಿಂದ ಅಂತ ಬರೆದರೆ ಕ್ರಮ ಬೇಗ ಆಗ್ತದೆ. ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098. ಕುಡಿತ ಬಿಡಬೇಕು ಅನ್ನುವವರಿಗೆ, ಅವರ ಮನೆಯವರಿಗೆ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಮಹಿಳಾ ಸಂಘಗಳು, ಸ್ವಸಹಾಯ ಗುಂಪುಗಳು ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಬಹುದು. 2019ರ ಜನವರಿಯಲ್ಲಿ ರಾಜ್ಯದ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋಗಿದ್ದರು. ಹಳ್ಳಿಗಳಲ್ಲಿ ಅಕ್ರಮ ಮಾರಾಟದ ಬಿಸಿ ಮೊದಲು ತಟ್ಟೋದು ಅವರಿಗೇ. ದಿನಗೂಲಿ ಮನೆ ಮುಟ್ಟುವ ಮೊದಲೇ ದಾರಿಯ ಅಂಗಡಿಯಲ್ಲಿ ಕರಗಿ ಹೋಗ್ತದೆ.

ಹಾಗಾಗಿ ಅಂಗಡಿಕಾರರಿಗೆ ಒಂದೇ ಮಾತು. ಲೈಸೆನ್ಸ್ ಇಲ್ಲದಿದ್ದರೆ ಇಂದೇ ಆ ಬಾಕ್ಸ್ ಖಾಲಿ ಮಾಡಿ, ಮತ್ತೆ ತರಬೇಡಿ. ಲೈಸೆನ್ಸ್ ಇದ್ದರೆ 21 ಆಗದವರಿಗೆ, ಅಮಲೇರಿದವರಿಗೆ ಕೊಡಬೇಡಿ. ಚಿಕ್ಕ ಮಕ್ಕಳ ಕೈಗಂತೂ ಕೊಡಲೇಬೇಡಿ. ಸಕ್ಕರೆ, ಚಹಾಪುಡಿ, ಎಣ್ಣೆ-ಬೇಳೆ ಮಾರಿ ಗಳಿಸಿದ ಹೆಸರು ಹೋಗಲಿಕ್ಕೆ ಒಂದು ಪಾಕೀಟು ಸಾಕು.